ಕಾಲರಿನಿಂದ ಕೆಳಗೆ

ನಮ್ಮ ಅಂಗಿ ಕಾರ್ಖಾನೆ ಮುಚ್ಚಿದ ದಿನ ಯಜಮಾನರು ಎಲ್ಲರನ್ನೂ ನಿಲ್ಲಿಸಿಕೊಂಡು, ಯಾರು ಯಾವ ಮಿಷನ್ನಿನಲ್ಲಿ ಕೂತಿದ್ದರೋ ಆ ಮಿಷನ್ನು ಅವರದೇ, ಜೊತೆಗೆ ತಲೆಗೊಂದು ಅಂಗಿಯ ಬಟ್ಟೆ, ತೆಗೆದುಕೊಂಡು ಹೋಗಿ ಎಂದರು. ಅಳುವವರು ಅತ್ತರು. ನಾನು ಮಿಷನ್ನನ್ನು ಮನೆಗೆ ಸಾಗಿಸುವುದು ಹೇಗೆ ಎಂದು ಯೋಚಿಸುತ್ತ ನಿಂತಿದ್ದೆ. ನನ್ನದು ಮೂರನೆಯ ಮಹಡಿಯ ಕೋಣೆ, ಮೆಟ್ಟಿಲು ಇಕ್ಕಟ್ಟು. ಹೊತ್ತು ತಂದ ಇಬ್ಬರಲ್ಲಿ ಒಬ್ಬ ತಿರುವಿನಲ್ಲಿ ಏದುಸಿರು ಬಿಡುತ್ತ, "ಅಮ್ಮಾ, ಇದರ ಬದ್ಲು ನಿಮ್ಮ ಕಾರ್ಖಾನೆ ಯಜಮಾನ್ರನ್ನೇ ಹೊತ್ಕೊಂಡ್ ಬರಬಹುದಿತ್ತು, ಅವರೇ ಹಗುರ ಇದ್ರು" ಎಂದ.

ಕಿಟಕಿಯ ಕೆಳಗೆ ಅದನ್ನು ಇಳಿಸಿ ಅವರು ಹೋದ ಮೇಲೆ ಕೋಣೆಯಲ್ಲಿ ಕಾಲಾಡಿಸಲು ಜಾಗವಿಲ್ಲದಂತಾಯಿತು. ಒಂದು ಮಂಚ, ಒಲೆ, ಬಟ್ಟೆಯ ಪೆಟ್ಟಿಗೆ, ಈಗ ಈ ಮಿಷನ್ನು. ಅದನ್ನು ಮನೆಯಲ್ಲಿ ನೋಡುವುದೇ ವಿಚಿತ್ರವಾಗಿತ್ತು. ಕಚೇರಿಯ ಸಾಹೇಬರು ಹೇಳದೆ ಕೇಳದೆ ಮನೆಗೆ ಬಂದು ಕೂತ ಹಾಗೆ.

ಎರಡು ಜಡೆ ಹಾಕಿಕೊಂಡು ಆ ಕಾರ್ಖಾನೆಗೆ ಸೇರಿದವಳು ನಾನು. ಹೊರಗೆ ಬಂದಾಗ ಒಂದು ಜಡೆಗೂ ಸಾಲುವಷ್ಟು ಕೂದಲು ಉಳಿದಿರಲಿಲ್ಲ. ಅಪ್ಪ ತೀರಿಕೊಂಡಿದ್ದ, ಅಮ್ಮನಿಗೆ ಕೈಲಾಗುತ್ತಿರಲಿಲ್ಲ, ತಮ್ಮ ಇನ್ನೂ ಚಿಕ್ಕವನು. ಶಾಲೆಯಲ್ಲಿ ಅಕ್ಷರ ಕೂಡಿಸಿ ಓದುವಷ್ಟು ಕಲಿಯುವ ಹೊತ್ತಿಗೆ ಬಿಡಬೇಕಾಯಿತು. ಮೊದಲ ದಿನ ಮೇಸ್ತ್ರಿ ನನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಸಣ್ಣ ಬೆರಳು, ಕಾಲರಿಗೆ ಆಗುತ್ತದೆ ಎಂದು ಒಂದು ಮಿಷನ್ನಿನ ಮುಂದೆ ಕೂರಿಸಿದ. ಅಲ್ಲಿಂದ ನಾನು ಎದ್ದದ್ದು ಕಾರ್ಖಾನೆ ಮುಚ್ಚಿದ ದಿನವೇ ಎನ್ನಬೇಕು.

ನಮ್ಮಲ್ಲಿ ಒಬ್ಬೊಬ್ಬರಿಗೆ ಅಂಗಿಯ ಒಂದೊಂದು ಭಾಗ. ಎದೆಪಟ್ಟಿ ಹೊಲಿಯುವವರು ಬೇರೆ, ಹೆಗಲು ಸೇರಿಸುವವರು ಬೇರೆ, ತೋಳು ಕೂರಿಸುವವನು ಬೇರೆ, ಕಫ್ ಮಾಡುವವಳು ಬೇರೆ, ಗುಂಡಿಯ ತೂತಿಗೆ ಕಾಜ ಹಾಕುವವಳು ಬೇರೆ. ಕತ್ತರಿಸುವವರು ಒಳಕೋಣೆಯಲ್ಲಿರುತ್ತಿದ್ದರು. ಮಿಷನ್ನುಗಳನ್ನು ಬಸ್ಸಿನ ಸೀಟುಗಳ ಹಾಗೆ ಒಂದರ ಹಿಂದೆ ಒಂದು ಹಾಕಿದ್ದರು. ನನ್ನ ಮುಂದೆ ಕೂತವನ ಬೆನ್ನು ನನಗೆ, ನನ್ನ ಬೆನ್ನು ನನ್ನ ಹಿಂದಿನವಳಿಗೆ. ಕರೆಯುವುದೂ ಮಾಡುವ ಕೆಲಸದಿಂದಲೇ. ನಾನು ಕಾಲರಕ್ಕ. ಮುಂದಿನವನು ತೋಳಣ್ಣ. ಹಿಂದೆ ಕಾಜದತ್ತೆ. ನನಗೆ ಬರುತ್ತಿದ್ದದ್ದು ಕತ್ತರಿಸಿದ ತುಂಡುಗಳ, ಅಳತೆಯ ನಂಬರು ಬರೆದ ಕಟ್ಟು. ನನ್ನಿಂದ ಹೋಗುತ್ತಿದ್ದದ್ದು ಕಾಲರು. ಒಳಗೆ ಬಿರುಸು ಬಟ್ಟೆಯ ಕ್ಯಾನ್ವಾಸು ಇಟ್ಟು, ಹೊಲಿದು, ಮಗುಚಿ, ತುದಿಯನ್ನು ಸೂಜಿಯಿಂದ ಮೆಲ್ಲಗೆ ಹೊರಗೆ ಎಳೆದರೆ ನನ್ನ ಕೆಲಸ ಮುಗಿಯಿತು. ಆಮೇಲೆ ಅದು ಯಾವ ಕುತ್ತಿಗೆಗೆ ಹೋಯಿತೋ ನನಗೆ ತಿಳಿಯದು.

ನಮ್ಮ ಕಟ್ಟಡದವರಿಗೆಲ್ಲ ನಾನು ಹೊಲಿಗೆಯವಳು. ಅದನ್ನು ಕೊಂಚ ಬಿಗಿ ಮಾಡಿಕೊಡಿ, ಇದಕ್ಕೊಂದು ತೋಳು ಹಚ್ಚಿಕೊಡಿ ಎಂದು ಕೇಳುತ್ತಿದ್ದರು. ಪುರುಸೊತ್ತಿಲ್ಲ ಎನ್ನುತ್ತಿದ್ದೆ. ಪುರುಸೊತ್ತಿನ ಮಾತು ಹಾಗಿರಲಿ, ನನಗೆ ಬರುತ್ತಿರಲಿಲ್ಲ. ಜೀವನವೆಲ್ಲ ಅಂಗಿಯ ಕಾರ್ಖಾನೆಯಲ್ಲಿ ಕಳೆದವಳಿಗೆ ಅಂಗಿ ಹೊಲಿಯಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ?

ಕಾರ್ಖಾನೆ ಮುಚ್ಚಿದ ಸುದ್ದಿ ತಿಳಿದು ತಮ್ಮ ಫೋನ್ ಮಾಡಿದ. ಒಳ್ಳೆಯವನು, ಚಿಕ್ಕಂದಿನಲ್ಲಿ ನನ್ನ ಸೆರಗು ಬಿಡುತ್ತಿರಲಿಲ್ಲ. ಈಗ ಅವನಿಗೂ ಬೆಳೆದ ಮಕ್ಕಳು. ಅಕ್ಕಾ, ಸಾಕು ಮಾಡು, ಇಲ್ಲಿಗೆ ಬಂದುಬಿಡು, ಮೆಟ್ಟಿಲ ಪಕ್ಕದ ಕೋಣೆ ಇದೆಯಲ್ಲ, ಸಾಮಾನು ತೆಗೆಸಿ ಮಂಚ ಹಾಕಿಸುತ್ತೇನೆ ಎಂದ. ನಿನ್ನ ಬಾಡಿಗೆ ಕರಾರು ಚಳಿ ಮುಗಿಯುವ ಹೊತ್ತಿಗೆ ತೀರುತ್ತದೆ, ಆಗ ವ್ಯಾನ್ ತರುತ್ತೇನೆ ಎಂದೂ ಹೇಳಿದ. ನೋಡೋಣ ಎಂದೆ.

ಆ ಕೋಣೆ ನನಗೆ ಗೊತ್ತು. ಒಮ್ಮೆ ಜ್ವರ ಬಂದಾಗ ಅವನ ಮನೆಯಲ್ಲಿ ಕೆಲವು ದಿನ ಇದ್ದೆ. ಯಾರೂ ಒಂದು ಮಾತು ಅಂದವರಲ್ಲ. ನಾನು ಬಂದರೆ ಮಕ್ಕಳು ಕುರ್ಚಿ ಬಿಟ್ಟು ಏಳುತ್ತಿದ್ದರು, ಟಿವಿಯ ಸದ್ದು ತಗ್ಗಿಸುತ್ತಿದ್ದರು, ತಮ್ಮನ ಹೆಂಡತಿ ನಗುವನ್ನು ಅರ್ಧಕ್ಕೆ ನಿಲ್ಲಿಸಿ ಏನು ಬೇಕಿತ್ತು ಎಂದು ಕೇಳುತ್ತಿದ್ದಳು. ಆ ಮರ್ಯಾದೆಯೇ ನನಗೆ ಆಗಿಬರಲಿಲ್ಲ. ನಾನು ಎದ್ದು ಹೋದ ಮೇಲೆ ಮನೆ ಮತ್ತೆ ಉಸಿರಾಡುವುದು ಗೋಡೆಯ ಈಚೆಗೆ ಕೇಳುತ್ತಿತ್ತು. ನನ್ನ ಕೋಣೆಯಲ್ಲೂ ನಾನು ಒಬ್ಬಳೇ. ಆದರೆ ಇಲ್ಲಿ ಒಬ್ಬಳಿರುವುದಕ್ಕೂ ಅಲ್ಲಿ ಒಬ್ಬಳಿರುವುದಕ್ಕೂ ಬಹಳ ಅಂತರ. ಇಲ್ಲೇ ಉಳಿಯಬೇಕೆಂದರೆ ಕೆಲಸ ಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹಿಂದಿನ ಬೀದಿಯಲ್ಲಿ ಒಂದು ದರ್ಜಿ ಅಂಗಡಿ. ಯಜಮಾನಿ ನನಗಿಂತ ಬಹಳ ಚಿಕ್ಕವಳು, ಕುತ್ತಿಗೆಗೆ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಅವಳ ಬಳಿ ಇದ್ದ ದರ್ಜಿ ಬಿಟ್ಟುಹೋಗಿದ್ದಾನೆ ಎಂದು ಕೇಳಿ ಹೋದೆ. ಎಲ್ಲಿದ್ದಿರಿ, ಎಷ್ಟು ವರ್ಷ ಎಂದೆಲ್ಲ ವಿಚಾರಿಸಿದಳು. ಕಾರ್ಖಾನೆಯ ಹೆಸರು ಕೇಳಿ ಸೂಜಿಯನ್ನು ಬಾಯಿಂದ ತೆಗೆದು ಸ್ಟೂಲು ಸರಿಸಿದಳು.

"ಏನೇನು ಬರತ್ತಮ್ಮ ನಿಮಗೆ?"

"ಕಾಲರು."

"ಕಾಲರು ಸರಿ. ಅದರ ಕೆಳಗೆ?"

ಕಾಲರಷ್ಟೇ ಎಂದೆ. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ನನಗೆ ಪೂರ್ತಿ ಅಂಗಿ ಹೊಲಿಯುವವರು ಬೇಕು, ನಿಮ್ಮ ಕೈಯಿಂದಲೇ ಕತ್ತರಿಸಿ ಹೊಲಿದ ಒಂದು ಅಂಗಿ ತೋರಿಸಿ, ಆಮೇಲೆ ಮಾತಾಡೋಣ ಎಂದು ಸೂಜಿಯನ್ನು ಮತ್ತೆ ತುಟಿಗೆ ಸಿಕ್ಕಿಸಿಕೊಂಡಳು.

ಅದೇನು ಮಹಾ ಎಂದುಕೊಂಡೆ. ಇಷ್ಟು ವರ್ಷ ಅಂಗಿಗಳ ನಡುವೆಯೇ ಇದ್ದವಳು, ಹೇಗೂ ಬಂದೀತು. ಕಾರ್ಖಾನೆಯವರು ಕೊಟ್ಟ ತಿಳಿನೀಲಿ ಬಟ್ಟೆಯನ್ನು ಬಿಚ್ಚಿ ಮಂಚದ ಮೇಲೆ ಹರಡಿದೆ. ಒಳ್ಳೆಯ ಬಟ್ಟೆ, ಕೂದಲೆಳೆಯಷ್ಟು ಸಣ್ಣ ಗೆರೆ. ಬೇರೆ ಯಾರೂ ಮಾಡದಂಥ ಒಂದು ಕೆಲಸವನ್ನು ನಾನು ಮಾಡಿದೆ. ಮೊದಲು ಕಾಲರು ಹೊಲಿದೆ.

ನಾನು ಹೊಲಿದ ಕಾಲರುಗಳಲ್ಲೆಲ್ಲ ಚೆಂದದ ಕಾಲರು ಅದು. ಎರಡೂ ತುದಿ ಒಂದೇ ಹಾಗೆ, ಗೆರೆಗೆ ಗೆರೆ ಕೂಡಿತ್ತು. ಆಮೇಲೆ ಅದನ್ನು ಬಟ್ಟೆಯ ಮೇಲಿಟ್ಟು, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಅದಕ್ಕೆ ಸರಿಯಾಗಿ ಕುತ್ತಿಗೆ ಕತ್ತರಿಸಿದೆ. ಕುತ್ತಿಗೆಗೆ ಸರಿಯಾಗಿ ಹೆಗಲು, ಹೆಗಲಿಗೆ ಸರಿಯಾಗಿ ಮೈ. ಬೀಗ ಮೊದಲು ಮಾಡಿ, ಬೀಗಕ್ಕೆ ತಕ್ಕ ಮನೆ ಕಟ್ಟಲು ಹೊರಟ ಹಾಗೆ. ಕುತ್ತಿಗೆ ಅಗಲವಾಯಿತು. ಅದನ್ನು ಸರಿಮಾಡಲು ಹೆಗಲಲ್ಲಿ ಬಟ್ಟೆ ಒಳಗೆ ಹಿಡಿದೆ. ಹೆಗಲು ಒಂದು ಕಡೆ ಎಳೆಯಿತು, ಅದಕ್ಕೆ ಬೆನ್ನಲ್ಲಿ ಸಡಿಲ ಬಿಟ್ಟೆ. ಕೊನೆಗೆ ಮೈಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಕಾಲರು ಠೀವಿಯಿಂದ ನಿಂತಿತ್ತು. ಅದರ ಕೆಳಗೆ ಗೋಣಿಚೀಲ.

ಬಿಚ್ಚಿದೆ, ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಸೂಜಿಯ ತೂತುಗಳಿಂದ ಬಟ್ಟೆ ಜರಡಿಯಾಯಿತು. ಒಂದು ಮಧ್ಯಾಹ್ನ ಎಳೆದ ರಭಸಕ್ಕೆ ಕಂಕುಳಿಂದ ಸೊಂಟದವರೆಗೆ ಪರ್ರನೆ ಹರಿಯಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಎಲ್ಲವನ್ನೂ ಮುದ್ದೆ ಮಾಡಿ ಮಂಚದ ಕೆಳಗೆ ಒದ್ದೆ. ಮಿಷನ್ನಿನ ಮೇಲೆ ಟವೆಲು ಮುಚ್ಚಿದೆ, ಅದರ ಮುಖ ನೋಡಬಾರದು ಎಂದು.

ಆಮೇಲಿನ ದಿನಗಳಲ್ಲಿ ನನ್ನಂಥ ಸಿಡುಕಿ ಇನ್ನೊಬ್ಬಳಿರಲಿಲ್ಲ. ಪಾತ್ರೆ ಕುಕ್ಕಿದೆ, ಬಾಗಿಲು ಬಡಿದೆ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಬೆರಳು ಸಣ್ಣದಿದೆ ಎಂದ ಮೇಸ್ತ್ರಿ ಎಂದೋ ಸತ್ತಿದ್ದ. ಮಿಷನ್ನುಗಳನ್ನು ಹಾಗೆ ಸಾಲಾಗಿ ಹಾಕಿದವರು ಯಾರೋ. ಬೆಳಿಗ್ಗೆ ಕೆಲಸಕ್ಕೆಂದು ಏಳುತ್ತಿದ್ದ ಹೊತ್ತಿಗೇ ಎಚ್ಚರವಾಗುತ್ತಿತ್ತು, ಹೋಗಲು ಒಂದು ಜಾಗವಿರಲಿಲ್ಲ. ಕಿಟಕಿಯಲ್ಲಿ ಕೂತು ಕೆಲಸಕ್ಕೆ ಹೋಗುವವರ ತಲೆಗಳನ್ನು ನೋಡುತ್ತಿದ್ದೆ. ಮೇಲಿನಿಂದ ಕಾಣುವುದು ತಲೆ ಮತ್ತು ಕಾಲರು. ಅದರಲ್ಲೂ ನನ್ನ ಕಣ್ಣು ಕಾಲರಿನಿಂದ ಕೆಳಗೆ ಹೋಗುತ್ತಿರಲಿಲ್ಲ. ದಿನವೆಲ್ಲ ಒಂದು ಮಾತೂ ಆಡದೆ, ಸಂಜೆ ಹಾಲಿನವನು ಏನೋ ಕೇಳಿದರೆ ಗಂಟಲು ಕಟ್ಟಿ ದನಿ ಹೊರಡದ ದಿನಗಳೂ ಇದ್ದವು.

ತಮ್ಮ ಮತ್ತೆ ಫೋನ್ ಮಾಡಿದ. ಕೋಣೆ ಖಾಲಿ ಮಾಡಿಸಲು ಶುರುಮಾಡಿದ್ದೇನೆ ಎಂದ. "ಇಷ್ಟು ವರ್ಷ ದುಡಿದೆಯಲ್ಲಕ್ಕ, ಇನ್ನು ಕೂತು ತಿನ್ನು" ಎಂದ. ಪ್ರೀತಿಯಿಂದಲೇ ಅಂದದ್ದು. ಹೂಂ ಎಂದು ಫೋನ್ ಇಟ್ಟು ಒಲೆಯ ಮುಂದೆ ಹೋಗಿ ನಿಂತೆ. ಕೂತು ತಿನ್ನುವ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಸೌಟು ಆಡಿಸುವಾಗ ನನ್ನ ಮಣಿಕಟ್ಟಿನ ಮೇಲೆ ಕಣ್ಣು ಬಿತ್ತು. ಎಣ್ಣೆಯ ಕಲೆ ಬಿತ್ತೆಂದು ಕಾರ್ಖಾನೆಯಲ್ಲಿ ತಳ್ಳಿಹಾಕಿದ್ದ ಒಂದು ಹಳೆಯ ಅಂಗಿಯನ್ನು ನಾನು ಚಳಿಗಾಲದಲ್ಲಿ ಮೇಲೆ ಹಾಕಿಕೊಳ್ಳುತ್ತಿದ್ದೆ. ಅದರ ಕಫ್ ಅದು. ಕಫಿನಿಂದ ಕಣ್ಣು ತೋಳಿಗೆ ಹೋಯಿತು, ತೋಳಿನಿಂದ ಹೆಗಲಿಗೆ. ಪೂರ್ತಿ ಅಂಗಿ ನನ್ನ ಮೈಮೇಲೇ ಇತ್ತು. ಒಲೆ ಆರಿಸಿದೆ. ಅಂಗಿ ಕಳಚಿ, ಕನ್ನಡಕ ಹಾಕಿಕೊಂಡು, ಬೆಳಕಿಗೆ ಕೂತು ಹೊಲಿಗೆ ಬಿಚ್ಚತೊಡಗಿದೆ.

ಈ ಸಲ ಹರಿಯಲಿಲ್ಲ, ಎಳೆ ಎಳೆಯಾಗಿ ಬಿಡಿಸಿದೆ. ಬಿಡಿಸುತ್ತಿದ್ದಂತೆ ಒಂದು ಸಂಗತಿ ಗೊತ್ತಾಯಿತು. ಪ್ರತಿಯೊಂದು ಹೊಲಿಗೆಯೂ ಯಾರದೆಂದು ನನಗೆ ತಿಳಿಯುತ್ತಿತ್ತು. ಕಾಜದತ್ತೆಯ ಕಾಜ ಇರುವೆಯೂ ನುಸುಳದಷ್ಟು ಒತ್ತು. ಪುಣ್ಯಾತ್ಗಿತ್ತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ನೂಲು ಮಾತ್ರ ಬಿಡಲೊಲ್ಲದು. ಪಕ್ಕೆಯ ಹೊಲಿಗೆ ಹಾಕುತ್ತಿದ್ದ ಹುಡುಗಿ ಮದುವೆಯಾಗಿ ಹೋದವಳು, ಯಾವಾಗಲೂ ಅವಸರ, ಅವಳ ಹೊಲಿಗೆ ಕೈ ತಾಗಿದರೆ ಬಿಚ್ಚಿಕೊಂಡಿತು. ತೋಳಣ್ಣ ಕಂಕುಳಲ್ಲಿ ಹಿಂದೆ ಮುಂದೆ ಹಿಂದೆ ಎಂದು ಗಂಟು ಹಾಕಿಯೇ ಹೊರಡುವವನು. ಕೂತಷ್ಟು ಕಾಲ ನಾವು ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ. ಈಗ ಒಬ್ಬೊಬ್ಬರಾಗಿ ನನ್ನ ಮಡಿಲಲ್ಲಿ ಬಿಚ್ಚಿಕೊಳ್ಳುತ್ತಿದ್ದರು. ಸಂಜೆಯಾಗುವ ಹೊತ್ತಿಗೆ ಅಂಗಿ ತುಂಡು ತುಂಡಾಗಿ ನೆಲದ ಮೇಲಿತ್ತು, ಕೋಣೆ ಮೊದಲಿಗಿಂತ ಖಾಲಿ ಎನ್ನಿಸಿತು.

ಆದರೆ ಆ ತುಂಡುಗಳೇ ನನಗೆ ಅಳತೆಯಾದವು. ಅವನ್ನು ಇಸ್ತ್ರಿ ಮಾಡಿ, ಹಳೆಯ ಹೂವಿನ ಬೆಡ್‌ಶೀಟಿನ ಮೇಲಿಟ್ಟು ಕತ್ತರಿಸಿದೆ. ಒಂದು ತೀರ್ಮಾನಕ್ಕೆ ಬಂದಿದ್ದೆ: ಅಂಗಿ ಹೊಲಿಯುವುದಿಲ್ಲ. ಈ ವಾರ ಬರೀ ಕಫ್. ಅದು ಕೈಗೆ ಹತ್ತಿದ ಮೇಲೆ ಎದೆಪಟ್ಟಿ. ಅದಾದ ಮೇಲೆ ಜೇಬು. ಕಾಲರನ್ನು ಕೊನೆಯವರೆಗೆ ಮುಟ್ಟುವುದೇ ಇಲ್ಲ. ಬೆಳಿಗ್ಗೆ ಕಾರ್ಖಾನೆಗೆ ಹೋಗುತ್ತಿದ್ದ ಹೊತ್ತಿಗೇ ತಲೆ ಬಾಚಿ ಮಿಷನ್ನಿಗೆ ಕೂರುತ್ತಿದ್ದೆ, ಮಧ್ಯಾಹ್ನ ಊಟಕ್ಕೆ ಎದ್ದು ಮೂರು ಹೆಜ್ಜೆ ಆಚೆಗಿನ ಒಲೆಯ ಬಳಿಗೆ ಹೋಗುತ್ತಿದ್ದೆ. ಕೆಟ್ಟರೆ ಬಿಚ್ಚುತ್ತಿದ್ದೆ. ಸಿಟ್ಟು ಬಂದರೆ ಎದ್ದು ಕೆಳಗಿನ ಬೀದಿಯ ತುದಿಯವರೆಗೆ ನಡೆದು ಬರುತ್ತಿದ್ದೆ. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಸಿಟ್ಟಿಗೂ ಉಸಿರು ಕಟ್ಟಿರುತ್ತಿತ್ತು.

ಬೆಡ್‌ಶೀಟು ಮುಗಿಯಿತು, ದಿಂಬಿನ ಚೀಲಗಳೂ ಮುಗಿದವು. ಕಫ್ ಬಂತು, ಪಟ್ಟಿ ಬಂತು, ಜೇಬು ಬಂತು, ಹೆಗಲು ಬಂತು. ತೋಳು ಮಾತ್ರ ಬರಲಿಲ್ಲ. ತೋಳಿನ ತಲೆ, ಅಂದರೆ ಹೆಗಲಿಗೆ ಸೇರುವ ತುದಿ, ಕಂಕುಳ ಸುತ್ತಿಗಿಂತ ದೊಡ್ಡದು. ಎಷ್ಟು ಎಳೆದು ಕೂರಿಸಿದರೂ ಕೊನೆಯಲ್ಲಿ ಒಂದು ನಿರಿಗೆ ಉಳಿಯುತ್ತಿತ್ತು. ಉಳಿದದ್ದನ್ನು ಕತ್ತರಿಸಿದರೆ ಕೈ ಎತ್ತಲು ಬರುತ್ತಿರಲಿಲ್ಲ. ಅದರ ಮೇಲೆ ಇನ್ನೊಂದು ಎಡವಟ್ಟು ಮಾಡಿದೆ. ಹೂವು ಮೇಲೆ ಕಾಣಲಿ ಎಂದು ಎರಡೂ ತೋಳನ್ನು ಒಂದೇ ಮುಖಕ್ಕೆ ಕತ್ತರಿಸಿ, ಕಫ್ ಸಮೇತ ಮೈಗೆ ಹೊಲಿದು ಮುಗಿಸಿದ ಮೇಲೆ ನೋಡಿದರೆ ಎರಡೂ ಎಡಗೈ.

ಆ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ತೋಳಣ್ಣನನ್ನು ಹುಡುಕಿಕೊಂಡು ಹೊರಟೆ. ಕಾರ್ಖಾನೆಯ ಎದುರಿನ ಚಹದಂಗಡಿಯವನು, ಅವನು ಒಂದು ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟಿನ ಕೆಲಸಕ್ಕೆ ಸೇರಿದ್ದಾನೆ ಎಂದು ಹೇಳಿದ. ಹೋಗಿ ನೋಡಿದರೆ ಬೂದು ಬಣ್ಣದ ಯೂನಿಫಾರಮ್ಮು ತೊಟ್ಟು ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತಿದ್ದಾನೆ. ಎದುರಿನಿಂದ ನೋಡಿ ಗುರುತು ಸಿಗಲಿಲ್ಲ. ಗುಂಡಿ ಒತ್ತಲು ಅತ್ತ ತಿರುಗಿದ, ಬೆನ್ನು ಕಂಡಿತು, ಇವನೇ ಎಂದುಕೊಂಡೆ.

ಜನ ಹತ್ತಿ ಇಳಿಯುವ ನಡುವೆಯೇ ಮಾತಾಡಬೇಕಾಯಿತು. ನಾನೂ ಅವನ ಜೊತೆ ಮೇಲೆ ಕೆಳಗೆ ಓಡಾಡಿದೆ. ಹೆಂಡತಿಗೆ ಹುಷಾರಿಲ್ಲ, ಕೂತಲ್ಲೇ ಕೂತಿರುವುದರಿಂದ ತನ್ನ ಕಾಲು ಊದಿಕೊಂಡಿದೆ ಎಂದೆಲ್ಲ ಹೇಳಿದ. ಲಿಫ್ಟು ಖಾಲಿಯಾದಾಗ ಚೀಲದಿಂದ ಅಂಗಿ ತೆಗೆದು ತೋರಿಸಿದೆ. ಹೂವಿನ ಅಂಗಿಯನ್ನು ಎತ್ತಿ ಹಿಡಿದು ಒಂದು ತೋಳು ನೋಡಿದ, ಇನ್ನೊಂದು ತೋಳು ನೋಡಿದ.

"ಕಾಲರಕ್ಕ, ಯಾರಿಗೆ ಇದು? ಎರಡೂ ಕಡೆ ಎಡಗೈ ಇರೋ ಗಂಡು ಎಲ್ಲಿ ಸಿಕ್ಕಿದ?"

"ನಗಬೇಡವೋ. ಹೇಗೆ ಕೂರಿಸೋದು ಹೇಳು."

"ಎಳೀತಾ ಇದೀಯ. ಅದಕ್ಕೇ ಮುನಿಸ್ಕೊಂಡಿದೆ."

ಅಷ್ಟರಲ್ಲಿ ಗಾಲಿಕುರ್ಚಿಯಲ್ಲಿ ರೋಗಿಯೊಬ್ಬರನ್ನು ತಂದರು. ಅಂಗಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅವರು ಇಳಿದ ಮೇಲೆ ತನ್ನ ಎಡ ಅಂಗೈಯನ್ನು ಮಿಷನ್ನಿನ ಹಾಸು ಮಾಡಿಕೊಂಡು, ಬಲಗೈಯಿಂದ ಬಟ್ಟೆ ತಳ್ಳುವ ಹಾಗೆ ಮಾಡಿ ತೋರಿಸಿದ.

"ತೋಳು ಕೆಳಗಿರ್ಲಿ, ಮೈ ಮೇಲಿರ್ಲಿ. ಮಿಷನ್ನಿನ ಹಲ್ಲು ಕೆಳಗಿನ ಬಟ್ಟೆನ ಸ್ವಲ್ಪ ಜಾಸ್ತಿ ತಿನ್ನತ್ತೆ, ಆ ಹೆಚ್ಚಿಗೆ ಇರೋದನ್ನ ಅದೇ ನುಂಗ್ಕೊಳ್ಳತ್ತೆ. ನೀನು ಸುಮ್ನೆ ಕೈ ಇಟ್ಕೊಂಡಿರು. ಇಷ್ಟು ವರ್ಷ ನಾನು ಮಾಡಿದ್ದು ಅಷ್ಟೇ."

ಇಷ್ಟೇನಾ ಎಂದು ಕೇಳಿದೆ. ಇಷ್ಟೇ ಎಂದ. ಹಿಂದೆ ಕೂತಿದ್ದಾಗಲೇ ಕೇಳಿದ್ದರೆ ಹೇಳುತ್ತಿರಲಿಲ್ಲವೇ ಎಂದ. ನಿನ್ನ ಬೆನ್ನು ಅಡ್ಡ ಇತ್ತಲ್ಲಪ್ಪ ಎಂದೆ. ಅವನು ನಕ್ಕ. ಬಹಳ ದಿನಗಳ ಮೇಲೆ ಒಬ್ಬರು ನನ್ನ ಮಾತಿಗೆ ನಗುವುದನ್ನು ಕೇಳಿದೆ, ಅದು ಹಾಗೆಯೇ ಇನ್ನಷ್ಟು ಹೊತ್ತು ಇರಲಿ ಎನ್ನಿಸಿತು. ಆದರೆ ಬಾಗಿಲು ತೆರೆಯಿತು, ಜನ ತುಂಬಿಕೊಂಡರು.

ಹೊರಡುವಾಗ ನಾಳೆ ಇದೇ ಹೊತ್ತಿಗೆ ಬಾ ಎಂದ. ಹೋದೆ. ಕಾರ್ಖಾನೆಯವರು ಕೊಟ್ಟಿದ್ದ ತನ್ನ ಪಾಲಿನ ಬಟ್ಟೆಯನ್ನು ಮಡಿಕೆ ಬಿಚ್ಚದೆ ತಂದಿದ್ದ. ಬೇಡವೆಂದೆ. ನನಗೆ ಇವರು ಯೂನಿಫಾರಮ್ಮು ಕೊಡುತ್ತಾರೆ, ಮನೆಯಲ್ಲಿ ಬನಿಯನ್ನು ಸಾಕು, ಯಾವತ್ತು ತೊಡಲಿ ಇದನ್ನ ಎಂದು ನನ್ನ ಚೀಲಕ್ಕೆ ತುರುಕಿದ.

ಆ ಬಟ್ಟೆಗೆ ತಕ್ಷಣ ಕತ್ತರಿ ಹಾಕಲಿಲ್ಲ. ಕಿಟಕಿಯ ಪರದೆ ಇಳಿಸಿ ಅದರಲ್ಲಿ ತೋಳುಗಳನ್ನಷ್ಟೇ ಹೊಲಿದೆ. ಕೈ ಸುಮ್ಮನಿಡುವುದು ಎಳೆಯುವುದಕ್ಕಿಂತ ಕಷ್ಟ. ಮೊದಮೊದಲು ಬೆರಳು ತಾನಾಗಿ ಬಿಗಿಯುತ್ತಿತ್ತು, ಕಾಲರಿನ ಅಭ್ಯಾಸ, ಅಲ್ಲಿ ಒಂದು ನೂಲೂ ಆಚೀಚೆ ಆಗುವಂತಿಲ್ಲ. ಒಂದು ದಿನ ಬೀದಿಯಲ್ಲಿ ಯಾರೋ ಜಗಳವಾಡುತ್ತಿದ್ದರು, ನನ್ನ ಗಮನ ಅತ್ತ ಹೋಗಿತ್ತು. ತಿರುಗಿ ನೋಡಿದರೆ ತೋಳು ಕೂತಿದೆ. ನಿರಿಗೆಯಿಲ್ಲ. ಗುಂಡಗೆ, ಮನುಷ್ಯರ ಹೆಗಲಿನ ಹಾಗೆ. ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಪಕ್ಕದಲ್ಲಿ ಒಂದು ಬೆಕ್ಕಾದರೂ ಇದ್ದಿದ್ದರೆ ಎತ್ತಿ ತೋರಿಸುತ್ತಿದ್ದೆ.

ಆಮೇಲೆ ತೋಳಣ್ಣ ಕೊಟ್ಟ ನೀಲಿ ಬಟ್ಟೆಯನ್ನು ಕತ್ತರಿಸಿದೆ. ಬೆನ್ನು, ಎದೆ, ಹೆಗಲು, ತೋಳು, ಪಕ್ಕೆ. ಎಲ್ಲ ಆದ ಮೇಲೆ ಕುತ್ತಿಗೆಯ ಅಳತೆ ತೆಗೆದು ಕಾಲರು.

ಮೊದಲು ತೋಳಣ್ಣನಿಗೆ ತೋರಿಸಬೇಕೆಂದು ಆಸ್ಪತ್ರೆಗೆ ಹೋದೆ. ಲಿಫ್ಟಿನ ಬಾಗಿಲು ತೆರೆಯಿತು. ಅದೇ ಸ್ಟೂಲು, ಅದೇ ಬೂದು ಯೂನಿಫಾರಮ್ಮು, ಒಳಗೆ ಬೇರೆ ಮನುಷ್ಯ. ಅವರನ್ನ ಇನ್ನೊಂದು ಕಟ್ಟಡಕ್ಕೆ ಹಾಕಿದ್ದಾರೆ, ಎಲ್ಲಿಗೋ ಗೊತ್ತಿಲ್ಲ, ನಮ್ಮನ್ನು ಕೇಳಿ ಹಾಕುತ್ತಾರಾ ಎಂದ. ಅವನ ಫೋನ್ ನಂಬರು ನನ್ನ ಬಳಿ ಇರಲಿಲ್ಲ. ಇಷ್ಟು ವರ್ಷ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿದ್ದವನ ಬಳಿ ನಂಬರು ಕೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಚಹದಂಗಡಿಯವನಿಗೂ ಇಷ್ಟಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅಂಗಿಯನ್ನು ಚೀಲದಲ್ಲಿ ಮಡಿಸಿಟ್ಟುಕೊಂಡು, ಯಾರೂ ನೋಡದ ಅಂಗಿಯನ್ನೇ ಹಿಡಿದು ದರ್ಜಿ ಅಂಗಡಿಗೆ ಹೋದೆ.

ಅಲ್ಲಿ ಒಳಗಿನ ಮಿಷನ್ನಿನಲ್ಲಿ ಒಬ್ಬ ಯುವಕ ಕೂತಿದ್ದ. ತಡ ಮಾಡಿಬಿಟ್ಟಿರಮ್ಮ, ಹೊಸಬನನ್ನು ಇಟ್ಟುಕೊಂಡೆ ಎಂದಳು ಯಜಮಾನಿ. ಆದರೂ ಕೈ ಚಾಚಿ ಅಂಗಿ ಇಸಿದುಕೊಂಡಳು. ಅವಳ ಬೆರಳು ನೇರ ಕಾಲರಿಗೇ ಹೋಯಿತು. ತುದಿ ಮುಟ್ಟಿದಳು, ಮಡಿಸಿ ನೋಡಿದಳು, ಒಳಗಿನವನನ್ನು ಕರೆದು, ನೋಡು, ಕಾಲರು ಅಂದರೆ ಹೀಗಿರಬೇಕು ಎಂದಳು. ಅವನ ಮುಖ ಸಪ್ಪಗಾಯಿತು. ನನಗೆ ಖುಷಿಯಾಗಲಿಲ್ಲ.

ಆಗ ಅವಳು ಒಂದು ಮಾತು ಹೇಳಿದಳು. ಅವನು ಅಂಗಿ ಹೊಲಿಯುತ್ತಾನೆ, ಕಾಲರಿನಲ್ಲಿ ಸೋಲುತ್ತಾನೆ. ನೀವು ಮನೆಯಲ್ಲೇ ಕೂತು ಅವನ ಅಂಗಿಗಳಿಗೆಲ್ಲ ಕಾಲರು ಮಾಡಿಕೊಡಿ, ವರ್ಷಪೂರ್ತಿ ಕೆಲಸವಿರುತ್ತದೆ ಎಂದಳು.

ಹೂಂ ಎನ್ನಲು ಬಾಯಿ ತೆರೆದೆ. ಕೆಲಸ ಸಿಕ್ಕಿತ್ತು. ಕೋಣೆ ಉಳಿಯಿತು, ವ್ಯಾನ್ ಬರುವುದಿಲ್ಲ. ಆದರೆ ಕಾರ್ಖಾನೆಯ ಬಾಗಿಲಲ್ಲಿ ಆ ದಿನ ನಿಂತಿದ್ದ ನಾವೆಲ್ಲ ಕಣ್ಣ ಮುಂದೆ ಬಂದೆವು. ಒಬ್ಬೊಬ್ಬರ ಕೈಯಲ್ಲೂ ಅಂಗಿಯ ಒಂದೊಂದು ಚೂರು, ಒಬ್ಬರ ಕೈಯಲ್ಲೂ ಅಂಗಿ ಇಲ್ಲ.

"ಕಾಲರು ಮಾಡಿಕೊಡ್ತೀನಿ. ಆದ್ರೆ ಅದೊಂದೇ ಆದ್ರೆ ಬೇಡಮ್ಮ. ಅಂಗಿ ಹೊಲಿಯೋನು ಎದ್ದು ಹೋದ ದಿನ ನಾನೂ ಎದ್ದು ಹೋಗಬೇಕಾಗತ್ತೆ. ನನಗೆ ಪೂರ್ತಿ ಅಂಗಿನೂ ಕೊಡಿ."

ಅವಳಿಗೆ ಹಿಡಿಸಲಿಲ್ಲ. ಇರುವುದು ಬಿಟ್ಟು ಇಲ್ಲದ್ದಕ್ಕೆ ಹಠ ಮಾಡುತ್ತೀರಲ್ಲ ಎಂದು, ಗಿರಾಕಿಯೊಬ್ಬರು ಬಂದರೆಂದು ಅತ್ತ ತಿರುಗಿದಳು. ಅಂಗಿ ಮೇಜಿನ ಮೇಲೇ ಬಿದ್ದಿತ್ತು. ಎತ್ತಿಕೊಂಡು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತೆ. ಹೀಗೆ ಕೇಳಿದ್ದು ಜೀವನದಲ್ಲಿ ಮೊದಲ ಸಲ. ಸಿಕ್ಕ ಕೆಲಸವನ್ನು ಕೈಯಾರೆ ಕಳೆದುಕೊಂಡೆನೋ ಎಂದುಕೊಂಡೆ. ಗಿರಾಕಿಗಳು ಬಂದರು, ಹೋದರು. ಯಾರೋ ನನ್ನನ್ನೂ ಗಿರಾಕಿ ಎಂದುಕೊಂಡು ಸರಿದು ಕೂತರು.

ಸಂದಣಿ ಕಡಿಮೆಯಾದ ಮೇಲೆ ಯಜಮಾನಿ ಮತ್ತೆ ಆ ಅಂಗಿ ಎತ್ತಿಕೊಂಡಳು. ಈ ಸಲ ಒಳಗು ಹೊರಗು ಮಾಡಿದಳು. ಪಕ್ಕೆಯನ್ನು ಎರಡೂ ಕೈಯಿಂದ ಎಳೆದು ನೋಡಿದಳು. ತೋಳಿನೊಳಗೆ ಕೈ ಹಾಕಿ ಹೆಗಲಿನ ಸುತ್ತ ಬೆರಳಾಡಿಸಿದಳು. ಕಾಜದ ಕಡೆ ಬಂದು, ಇದು ಸಡಿಲ ಎಂದಳು. ಹೌದು, ಅದು ಇನ್ನೂ ಸರಿಯಾಗಿ ಬಂದಿಲ್ಲ ಎಂದೆ. ಆಮೇಲೆ ಕಪಾಟಿನಿಂದ ಕತ್ತರಿಸಿಟ್ಟಿದ್ದ ಒಂದು ಕಟ್ಟು ತೆಗೆದು ಮೇಜಿನ ಮೇಲೆ ಹಾಕಿದಳು.

"ಇದು ಗಿರಾಕಿದು. ಕೆಟ್ಟರೆ ನಾನು ಸುಮ್ನಿ‌ರೋಳಲ್ಲ. ಕಾಜ ಬಿಗಿಯಾಗಿರ್ಲಿ."

ಕಟ್ಟನ್ನು ಎದೆಗೆ ಅವಚಿಕೊಂಡು ಬಂದೆ. ಸಂಜೆ ತಮ್ಮನಿಗೆ ನಾನೇ ಫೋನ್ ಮಾಡಿದೆ. ಕೆಲಸ ಸಿಕ್ಕಿದ್ದನ್ನು ಹೇಳಿ, ಬಾಡಿಗೆ ಕರಾರು ಮುಂದುವರಿಸುತ್ತೇನೆ, ಇಲ್ಲೇ ಇರುತ್ತೇನೆ ಎಂದೆ.

"ಹಾಗಾದ್ರೆ ವ್ಯಾನಿನೋನಿಗೆ ಬೇಡ ಅಂತ ಹೇಳ್ಲಾ ಅಕ್ಕ?"

"ಹೇಳಪ್ಪ."

ಅವನು ಬಿಟ್ಟ ಉಸಿರು ನನ್ನ ಕಿವಿಯವರೆಗೆ ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಆಮೇಲೆ ಅವನ ಮಾತು ಚುರುಕಾಯಿತು, ಆರೋಗ್ಯ ನೋಡಿಕೋ, ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ, ಬೇಕೆಂದಾಗ ಬಂದು ಹೋಗು ಎಂದೆಲ್ಲ ಹೇಳಿದ. ಹಿಂದೆ ಅವನ ಹೆಂಡತಿ ಏನಂತೆ ಎಂದು ಕೇಳುವುದು ಕೇಳಿಸಿತು. ಅವರನ್ನು ದೂರಲಾರೆ. ಆದರೂ, ಯಾಕಕ್ಕ, ಬಾರಕ್ಕ ಎಂದು ಇನ್ನೊಂದು ಸಲ ಅಂದಿದ್ದರೆ ಅವನಿಗೇನೂ ಖರ್ಚಾಗುತ್ತಿರಲಿಲ್ಲ. ನಾನು ಬರುವುದಿಲ್ಲವೆಂದೇ ಹೇಳುತ್ತಿದ್ದೆ.

ದೀಪ ಹಾಕಿ ಕಟ್ಟನ್ನು ಬಿಚ್ಚಿದೆ. ಬಿಳಿಯ ಬಟ್ಟೆ, ದೊಡ್ಡ ಆಳಿನ ಅಳತೆ. ಯಾರಿರಬಹುದೋ. ಏನೂ ಕಮ್ಮಿ ಬಿದ್ದಿಲ್ಲ ತಾನೇ ಎಂದು ನೋಡಲು ತುಂಡುಗಳನ್ನು ಒಂದೊಂದಾಗಿ ಮಂಚದ ಮೇಲೆ ಹರಡಿದೆ. ಬೆನ್ನು, ಅದರ ಮೇಲೆ ಎರಡು ಎದೆ, ಆ ಕಡೆ ಒಂದು ತೋಳು, ಈ ಕಡೆ ಒಂದು. ಸ್ವಲ್ಪ ಹಿಂದೆ ಸರಿದು ನೋಡಿದಾಗ ಯಾರೋ ದಣಿದು ಬಂದು, ಕೈ ಚಾಚಿಕೊಂಡು ನನ್ನ ಮಂಚದ ಮೇಲೆ ಮಲಗಿದ ಹಾಗೆ ಕಂಡಿತು. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಎಡಗಡೆಯ ಎದೆಯನ್ನು ಸುಕ್ಕಾಗದ ಹಾಗೆ ಎತ್ತಿಕೊಂಡು ಮಿಷನ್ನಿನ ಕಡೆ ಹೋದೆ.